ಪತ್ರಿ ಗಿಡದ ಹಸಿರು ಹುಳ

ಅಂಗಳದಲ್ಲಿ ನಿಂಬೆಯೋ ಕರಿಬೇವೋ ಬಿಲ್ವವೋ ಇದ್ದವರಿಗೆ ಈ ತಾಪತ್ರಯ ಹೊಸದಲ್ಲ. ನಾಲ್ಕು ಹನಿ ಮಳೆ ಬಿತ್ತು, ಗಿಡ ಚಿಗುರಿತು, ನೋಡಿ ಕಣ್ಣು ತಂಪಾಯಿತು ಅನ್ನುವಷ್ಟರಲ್ಲಿ ಹುಳ ಹಾಜರು. ಬೆಳಿಗ್ಗೆ ಕಂಡ ಚಿಗುರು ಸಂಜೆಗೆ ಬರೀ ಕಡ್ಡಿ. ಆಗ ನಮಗೆಲ್ಲ ನೆನಪಾಗುವುದು ಒಂದೇ: ಔಷಧಿ ಬಾಟಲಿ. ಕುಷಾಯಿಗೂಡದ ಶಾಮಲಾಬಾಯಿಗೂ ಅದೇ ನೆನಪಾಯಿತು.

ಹೈದರಾಬಾದಿಗೆ ಸಾಫ್ಟ್‌ವೇರ್ ಕಂಪನಿಗಳು ಒಂದರ ಹಿಂದೊಂದು ಬರುತ್ತಿದ್ದ ಕಾಲ ಅದು. ಶಾಮಲಾಬಾಯಿಯ ಗಂಡ ದತ್ತಾತ್ರೇಯರು ರಾಯಚೂರು ಕಡೆಯವರು. ಹತ್ತಿರದ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ, ಅಲ್ಲೇ ಸಣ್ಣದೊಂದು ಮನೆ ಕಟ್ಟಿಕೊಂಡಿದ್ದರು. ಮೇಲಿನ ಕೋಣೆಯಲ್ಲಿ ಮೈಸೂರಿನ ಹುಡುಗಿ ಗಾನವಿ ಬಾಡಿಗೆಗಿದ್ದಳು. ವಾರವೆಲ್ಲ ಕಂಪನಿಯ ಕ್ಯಾಬಿನಲ್ಲಿ ಹೈಟೆಕ್ ಸಿಟಿಗೆ ಹೋಗಿ ಬರುವುದು, ಭಾನುವಾರ ಕ್ಯಾಮೆರಾ ಹಿಡಿದು ಚಿಟ್ಟೆ ಹುಡುಕಿಕೊಂಡು ಕೆರೆದಂಡೆ ಬಯಲು ಅಲೆಯುವುದು. "ಇಷ್ಟು ಓದಿ ಈ ಹುಡುಗಿ ಹುಳದ ಬೆನ್ನ ಹತ್ತೇತಲ್ಲ" ಎಂದು ಶಾಮಲಾಬಾಯಿ ನಗುತ್ತಿದ್ದರು.

ಮನೆಯ ಮುಂದೆ ಒಂದು ಬಿಲ್ವದ ಮರ. ನಮ್ಮ ಕಡೆಯವರ ಬಾಯಲ್ಲಿ ಅದು ಪತ್ರಿ ಗಿಡ. ಓಣಿಗೆಲ್ಲ ಇದೊಂದೇ. ಶ್ರಾವಣ ಸೋಮವಾರದ ಪೂಜೆಗೆ ಮಲ್ಕಾಜ್‌ಗಿರಿ ಬಡಾವಣೆಯಿಂದಲೂ ಕನ್ನಡದ ಹೆಂಗಸರು ಬಂದು ಎಲೆ ಒಯ್ಯುತ್ತಿದ್ದರು. ಎಲೆ ಕೊಡುವಾಗ ಶಾಮಲಾಬಾಯಿಯ ಮುಖ ನೋಡಬೇಕಿತ್ತು, ಸ್ವತಃ ಪ್ರಸಾದ ಹಂಚುವವರ ಗತ್ತು.

ಆ ವರ್ಷದ ಶ್ರಾವಣ ಮಾತ್ರ ಬೇರೆ. ಹಿಂದಿನ ವರ್ಷ ದತ್ತಾತ್ರೇಯರಿಗೆ ಎದೆನೋವು ಬಂದು ಆಸ್ಪತ್ರೆ ಸೇರಿದ್ದಾಗ ಶಾಮಲಾಬಾಯಿ ಬಾಗಿಲ ಹೊರಗೆ ಕೂತು ಹರಕೆ ಹೊತ್ತಿದ್ದರು. ಇವರು ನಡೆದುಕೊಂಡು ಮನೆಗೆ ಬರಲಿ, ಬರುವ ಶ್ರಾವಣದ ಎಲ್ಲ ಸೋಮವಾರ ನಾನೇ ಬೆಳೆಸಿದ ಗಿಡದ ಪತ್ರೆಯಿಂದ ಅರ್ಚನೆ ಮಾಡಿಸುತ್ತೇನೆ ಎಂದು. ಅವರು ಬಂದರು. ಈಗ ಶ್ರಾವಣವೂ ಬಂದಿತ್ತು. ಅರ್ಚನೆಗೆ ಮೂರು ದಳದ ಇಡೀ ಎಲೆಯೇ ಬೇಕು. ತೂತು ಬಿದ್ದದ್ದು, ಹುಳ ಕಡಿದದ್ದು ದೇವರಿಗೆ ಸಲ್ಲದು.

ಆಷಾಢದ ಒಂದು ಭಾನುವಾರ ಶಾಮಲಾಬಾಯಿ ಗಿಡಕ್ಕೆ ನೀರು ಹಾಕುತ್ತಿದ್ದಾಗ ಕಪ್ಪು ಮೈಯ ಮೇಲೆ ಹಳದಿ ಚುಕ್ಕೆಯ ದೊಡ್ಡ ಚಿಟ್ಟೆಯೊಂದು ಬಂದಿತ್ತು. ಪಕ್ಕದಲ್ಲೇ ದಾಸವಾಳ ಅರಳಿದ್ದರೂ ಅತ್ತ ಹೋಗಲಿಲ್ಲ. ಬಿಲ್ವದ ಸುತ್ತಲೇ ತಿರುಗಿತು. ಒಂದೊಂದು ಎಲೆಯನ್ನೂ ಕಾಲಿನಿಂದ ಮುಟ್ಟಿ ಮುಟ್ಟಿ ಹಾರಿತು.

"ಏನ್ರಿ, ಜಲ್ದಿ ಬರ್ರಿ ಇಲ್ಲೆ! ಪಾತರಗಿತ್ತಿ ಪ್ರದಕ್ಷಿಣಿ ಹಾಕಾಕತ್ತೈತಿ ನೋಡ್ರಿ! ನನ್ನ ಹರಕಿ ಈಶ್ವರಗ ಮುಟ್ಟೈತಿ!"

ಅವತ್ತೇ ಗಿಡದ ಬೊಡ್ಡೆಗೆ ಅರಿಶಿನ ಕುಂಕುಮ ಏರಿತು. ಸಂಜೆಯೊಳಗೆ ಸುದ್ದಿ ಓಣಿಯೆಲ್ಲ ಸುತ್ತಿ ಬಂತು. ಆ ಸುದ್ದಿಯಿಂದ ತಪ್ಪಿಸಿಕೊಂಡವರು ಯಾರೂ ಇರಲಿಲ್ಲ.

ಎರಡು ವಾರ ಕಳೆದವು. ಶನಿವಾರ ಬೆಳಿಗ್ಗೆ, ಮೊದಲ ಸೋಮವಾರಕ್ಕೆ ಇನ್ನೆರಡೇ ದಿನ ಇರುವಾಗ, ಗಿಡದ ತುಂಬ ಬೆರಳುದ್ದದ ಹಸಿರು ಹುಳ. ಕೆಳಗಿನ ಟೊಂಗೆಗಳ ಚಿಗುರೆಲ್ಲ ಖಾಲಿ. ಶಾಮಲಾಬಾಯಿಗೆ ಅಳುವೇ ಬಂತು.

"ಸೋಮವಾರ ಪತ್ರಿ ಹರಿಯಂಗಿಲ್ಲ. ನಾಳೆನ ಹರದ ಇಡಬೇಕು. ಏನ ಹರೀಲಿ, ಈ ಕಡ್ಡೀನ?"

ಎದುರು ಮನೆಯ ಶಿವದೇವಿ ಪರಿಹಾರ ಹಿಡಿದುಕೊಂಡೇ ಬಂದರು. ಕೂಲ್‌ಡ್ರಿಂಕ್ ಬಾಟಲಿಯೊಂದರಲ್ಲಿ ನಾಲ್ಕು ಬೆರಳಷ್ಟು ಹಾಲಿನ ಬಣ್ಣದ ನೀರು. ನಮ್ಮ ಕಡೆ ಹೊಲಕ್ಕೆ ಹೊಡೆಯುವ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು.

"ಅಕ್ಕಾರ, ಫಿಕರ್ ಮಾಡಬ್ಯಾಡ್ರಿ. ನಮ್ಮ ಅಣ್ಣ ಚಂದ್ರಾಮ ಮೆಣಸಿನಕಾಯಿ ಹೊಲಕ್ಕ ಹೊಡಿಯೋ ಎಣ್ಣಿ ಇದು. ಸಂಜಿಯೊಳಗ ಒಂದ ಹುಳ ಉಳಿಯಂಗಿಲ್ಲ."

ದತ್ತಾತ್ರೇಯರು ಮೂಗಿಗೆ ಟವೆಲ್ ಕಟ್ಟಿಕೊಂಡು ಔಷಧಿ ಹೊಡೆಯುವ ಕೈಪಂಪು ತೊಳೆಯುತ್ತಿದ್ದರು. ಹಲ್ಲುಜ್ಜುತ್ತ ಮೇಲಿಂದ ಬಗ್ಗಿ ನೋಡಿದ ಗಾನವಿ ಬ್ರಷ್ ಅಲ್ಲೇ ಇಟ್ಟು ಮೆಟ್ಟಿಲಿಳಿದು ಬಂದಳು.

"ಆಂಟಿ, ಒಂದ್ನಿಮಿಷ. ಅದ್ಯಾವ ಔಷಧಿ?"

"ಹೆಸರ ಯಾಕ ಬೇಕವಾ? ಹುಳ ಸತ್ರ ಸಾಕಲ್ಲ?" ಎಂದರು ಶಿವದೇವಿ.

"ಬಾಟಲಿ ಮೇಲೆ ಚೀಟಿನೇ ಇಲ್ಲ. ಹೊಡೆದ ಮೇಲೆ ಎಷ್ಟು ದಿನ ಎಲೆ ಮುಟ್ಟಬಾರದು ಅಂತ ಗೊತ್ತಾ?"

ಶಿವದೇವಿ ಬಾಟಲಿಯನ್ನು ಒಮ್ಮೆ ತಿರುಗಿಸಿ ನೋಡಿದರು.

"ಹೋಗ್ಲಿ ಬಿಡಿ. ಸೋಮವಾರ ಈ ಎಲೆ ಎಲ್ಲಿಗೆ ಹೋಗುತ್ತೆ ಆಂಟಿ?"

"ಎಲ್ಲಿಗೆ ಅಂದ್ರ? ಈಶ್ವರನ ತಲಿ ಮ್ಯಾಲ."

"ಆಮೇಲೆ?"

"ತೀರ್ಥದಾಗ ಹಾಕತೀವಿ."

"ಆ ತೀರ್ಥ ಮೊದಲು ಯಾರಿಗೆ ಕೊಡ್ತೀರ?"

ಶಾಮಲಾಬಾಯಿ ಗಂಡನ ಕಡೆ ನೋಡಿದರು. ದತ್ತಾತ್ರೇಯರು ಪಂಪನ್ನು ಮೆಲ್ಲಗೆ ನೆಲಕ್ಕಿಟ್ಟು ಟವೆಲ್ ಬಿಚ್ಚಿದರು.

"ನನಗ ಕೊಡತಾಳ. ಮ್ಯಾಲ ಒಂದ ಎಲಿ ಕೊಟ್ಟು, ಅಗದ ತಿನ್ರಿ, ಎದಿಗೆ ಛಲೋ ಅಂತಾಳ."

"ತೊಳದ್ರ ಹೋಗ್ತೈತಿ ಬಿಡ್ರಿ" ಎಂದು ಶಿವದೇವಿ ಒಂದು ಕೊನೆಯ ಪ್ರಯತ್ನ ಮಾಡಿದರು.

"ಎಲ್ಲಾನೂ ಹೋಗಲ್ಲ ಆಂಟಿ. ಕೆಲವು ಔಷಧಿ ಎಲೆ ಒಳಗೇ ಇಳಿಯುತ್ತೆ. ಎಷ್ಟು ತೊಳೆದರೂ ಬರಲ್ಲ."

ಶಾಮಲಾಬಾಯಿಗೆ ಭಯವಾಯಿತು. ಭಯದ ಬೆನ್ನಿಗೆ ಸಿಟ್ಟೂ ಬಂತು. "ಹಂಗಾದ್ರ ನನ್ನ ಹರಕಿ ಏನ ಮಾಡ್ಲಿ? ಹುಳ ತಿಂದ ಎಂಜಲಾ ದೇವರಿಗೆ ಏರಸ್ಲೇನು? ಹೇಳೋದು ಸುಲಭ ಐತಿ ನಿನಗ!"

"ಅವತ್ತು ಪ್ರದಕ್ಷಿಣೆ ಹಾಕಿದ ಚಿಟ್ಟೆ ನೆನಪಿದೆಯಾ ಆಂಟಿ?"

"ಅದರ ಮಾತ ಈಗ್ಯಾಕ? ಅದು ದೇವರ ಕಳಿಸಿದ್ದು."

"ಈ ಹುಳ ಅದರ ಮಕ್ಕಳು."

ಗಾನವಿ ಮೇಲೆ ಓಡಿಹೋಗಿ ಕ್ಯಾಮೆರಾ ತಂದಳು. ಅದರ ಸಣ್ಣ ಪರದೆಗೆ ಮೂವರೂ ತಲೆ ತಾಗಿಸಿ ನಿಂತರು. ಆ ಭಾನುವಾರ ಮೆಟ್ಟಿಲ ಮೇಲೆ ನಿಂತು ತೆಗೆದ ಫೋಟೋ ಅದು. ಚಿಟ್ಟೆ ಹಿಂಭಾಗ ಬಾಗಿಸಿ ಚಿಗುರಿಗೆ ತಾಗಿಸಿದೆ. ಮುಂದಿನ ಫೋಟೋದಲ್ಲಿ ಚಿಗುರಿನ ಮೇಲೆ ಸಾಸಿವೆಗಿಂತ ಚಿಕ್ಕದೊಂದು ತಿಳಿಹಳದಿ ಮಣಿ.

"ಇದು ಮೊಟ್ಟೆ. ಚಿಟ್ಟೆ ಕಾಲಿನಲ್ಲೇ ಎಲೆ ರುಚಿ ನೋಡುತ್ತೆ. ಅವತ್ತು ಮುಟ್ಟಿ ಮುಟ್ಟಿ ನೋಡ್ತಿದ್ದದ್ದು ಅದಕ್ಕೇ, ಇದು ನನ್ನ ಮಕ್ಕಳು ತಿನ್ನೋ ಎಲೆನೇ ಹೌದಾ ಅಂತ. ನಿಂಬೆ, ಕರಿಬೇವು, ಬಿಲ್ವ ಎಲ್ಲ ಒಂದೇ ಕುಟುಂಬದ ಗಿಡ. ಇದರ ಮರಿಗೆ ಇಂಥ ಎಲೆನೇ ಬೇಕು. ದಾಸವಾಳದ ಮೇಲೆ ಬಿಟ್ಟರೆ ಉಪವಾಸ ಸಾಯುತ್ತೆ. ಮೊಟ್ಟೆ ಒಡೆದು ಬಂದ ಮರಿ ಮೊದಲು ಮೊಟ್ಟೆಯ ಸಿಪ್ಪೆನೇ ತಿನ್ನುತ್ತೆ. ಆಮೇಲೆ ಚಿಗುರು. ಸಣ್ಣದಿದ್ದಾಗ ನೋಡಿ, ಹಕ್ಕಿ ಹಿಕ್ಕೆ ಥರ ಇರುತ್ತೆ."

"ಹೌದೌದು! ನಾ ಕಾಗಿ ಹೇತೈತಿ ಅಂದ್ಕೊಂಡಿದ್ದೆ" ಎಂದರು ದತ್ತಾತ್ರೇಯರು.

"ಕಾಗೆನೂ ಹಾಗೇ ಅಂದ್ಕೊಳ್ಳಲಿ ಅಂತಲೇ ಆ ವೇಷ ಅಂಕಲ್. ಹಿಕ್ಕೆನ ಯಾವ ಹಕ್ಕಿನೂ ತಿನ್ನಲ್ಲ. ದೊಡ್ಡದಾದ ಮೇಲೆ ಎಲೆ ಬಣ್ಣ."

ಶಿವದೇವಿ ಕಡ್ಡಿಯಿಂದ ಒಂದು ಹುಳವನ್ನು ತಿವಿದರು. ಅದು ತಲೆಯ ಹಿಂದಿನಿಂದ ಕೆಂಪನೆಯ ಕವಲು ಕೊಂಬನ್ನು ಸಟ್ಟನೆ ಹೊರಚಾಚಿತು. ಘಾಟು ವಾಸನೆ ಬಂತು. ಶಿವದೇವಿ ಎರಡು ಹೆಜ್ಜೆ ಹಿಂದೆ ಹಾರಿದರು. "ಯವ್ವಾ! ಹಾವಿನ ನಾಲಿಗಿ! ವಿಷ ಕಾರತೈತಿ!"

"ಅದಕ್ಕಿರೋದು ಅದೊಂದೇ ಆಯುಧ. ಬರೀ ವಾಸನೆ, ವಿಷ ಇಲ್ಲ" ಎಂದು ಗಾನವಿ ಹುಳವನ್ನು ಅಂಗೈ ಮೇಲೆ ಬಿಟ್ಟುಕೊಂಡಳು. "ಮೈತುಂಬ ಕೂದಲಿರೋ ಕಂಬಳಿಹುಳ ಮಾತ್ರ ಮುಟ್ಟಬೇಡಿ, ಅದು ತುರಿಸುತ್ತೆ. ಇದು ಏನೂ ಮಾಡಲ್ಲ."

ಅಷ್ಟರಲ್ಲಿ ದತ್ತಾತ್ರೇಯರು ಕನ್ನಡಕ ಏರಿಸಿ ಗಿಡದ ಸುತ್ತ ಒಂದು ಸುತ್ತು ಬಂದಿದ್ದರು. ಕಾರ್ಖಾನೆಯಲ್ಲಿ ಪ್ರತಿ ಸಾಮಾನನ್ನೂ ತಿರುಗಿಸಿ ನೋಡಿ ಪಾಸು ಮಾಡುತ್ತಿದ್ದ ಮನುಷ್ಯ. "ಏ ಶಾಮಲಾ, ನೀ ಬರೇ ಕೆಳಗ ನೋಡಿದಿ. ಮ್ಯಾಲ ನೋಡು. ಬಲಿತ ಎಲಿ ಹಂಗ ಅದಾವ. ಇವು ಚಿಗುರಿಗೆ ಬಿದ್ದಾವ."

ಆಮೇಲೆ ಕೆಲಸ ಸಾಗಿತು. ಎರಡು ಟೊಂಗೆಗಳಲ್ಲಿ ಮೊಟ್ಟೆ ಹುಳ ಇಲ್ಲವೆಂದು ನೋಡಿಕೊಂಡು ಹಳೆಯ ಸೊಳ್ಳೆಪರದೆ ಸುತ್ತಿದರು. ಕೆಳಗಿನ ಹುಳಗಳಲ್ಲಿ ಅರ್ಧದಷ್ಟನ್ನು ಕಡ್ಡಿ ಸಮೇತ ಹಿತ್ತಿಲ ನಿಂಬೆ ಗಿಡಕ್ಕೆ ಸಾಗಿಸಿದರು. ಆ ನಿಂಬೆ ನೆಟ್ಟಾಗಿನಿಂದ ಒಂದು ಕಾಯಿಯೂ ಕೊಟ್ಟಿರಲಿಲ್ಲ, ಅಂತೂ ಒಂದು ಉಪಯೋಗಕ್ಕೆ ಬಂತು.

ಆದರೆ ಶಾಮಲಾಬಾಯಿ ಅಷ್ಟು ಬೇಗ ಒಪ್ಪುವ ಪೈಕಿ ಅಲ್ಲ. "ಫೋಟೋದಾಗ ಏನ ಬೇಕಾದ್ರೂ ತೋರಿಸ್ತಾರ. ಈ ಹೊಲಸ ಹುಳ ಆ ಪಾತರಗಿತ್ತಿ ಆಗ್ತೈತಿ ಅಂದ್ರ ನಾ ಕಣ್ಣಾರೆ ನೋಡಬೇಕು. ಅಲ್ಲೀತನ ಈ ಬಾಟ್ಲಿ ನನ್ನ ಹತ್ರ ಇರ್ತೈತಿ."

"ಇರಲಿ. ಆದರೆ ಕೂಲ್‌ಡ್ರಿಂಕ್ ಬಾಟಲಿ ಅದು. ಯಾರಾದ್ರೂ ಬಾಯಾರಿ ಕುಡಿದುಬಿಟ್ಟಾರು" ಎಂದಳು ಗಾನವಿ. ದತ್ತಾತ್ರೇಯರು ಅದರ ಮೇಲೆ 'ವಿಷ' ಎಂದು ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಬರೆದು ಅಟ್ಟದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು.

ಒಂದು ಹಾರ್ಲಿಕ್ಸ್ ಬಾಟಲಿ ಖಾಲಿಯಾಯಿತು. ಒಳಗೆ ಬಿಲ್ವದ ಕಡ್ಡಿ, ಮೂರು ಹುಳ, ಬಾಯಿಗೆ ತೆಳ್ಳನೆ ಬಟ್ಟೆ. ಅಡುಗೆಮನೆಯ ಕಿಟಕಿಯಲ್ಲಿ ಅದಕ್ಕೆ ಜಾಗ. ದಿನಾ ಹೊಸ ಎಲೆ ಹಾಕುವುದು, ಹಿಕ್ಕೆ ಬಳಿಯುವುದು ಶಾಮಲಾಬಾಯಿಯ ಪಾಲಿಗೆ ಬಂತು.

ಸೋಮವಾರದ ಅರ್ಚನೆ ಆಯಿತು. ಮೇಲಿನ ಟೊಂಗೆಯ ಇಡೀ ಎಲೆಗಳು ದೇವರಿಗೆ ಸಾಕಾದವು. ಹೆಂಗಸರಿಗೆ ಹಂಚಲು ಮಾತ್ರ ಬುಟ್ಟಿ ತುಂಬಲಿಲ್ಲ. ಒಬ್ಬೊಬ್ಬರಿಗೆ ನಾಲ್ಕೇ ಎಲೆ ಕೊಡುವಾಗ ಶಾಮಲಾಬಾಯಿಯ ಮುಖ ಬಾಡಿತ್ತು. ಒಳಗೆ ಬಂದವರೇ ಬಾಟಲಿಯ ಹುಳಗಳಿಗೆ ಚೆನ್ನಾಗಿ ಬೈದರು. ಬೈದು, ಎಲೆ ಹಾಕಿದರು.

ಬರಬರುತ್ತ ಬೈಗುಳದ ಧಾಟಿ ಬದಲಾಯಿತು. "ತಿನ್ರಿ, ತಿನ್ರಿ, ನಿಮ್ಮ ಹೊಟ್ಟಿಗೆ ಬಿಡುವ ಇಲ್ಲ" ಅನ್ನುತ್ತ ಎಳೆಯ ಎಲೆಯನ್ನೇ ಆರಿಸಿ ತರತೊಡಗಿದರು. ಮೂರರಲ್ಲಿ ಒಂದು ಕಪ್ಪಾಗಿ ಸತ್ತುಹೋದಾಗ ಮಧ್ಯಾಹ್ನ ಅವರಿಗೆ ಊಟ ಸೇರಲಿಲ್ಲ. ಅದರ ಮೈಯೊಳಗೆ ಮೊದಲೇ ಯಾವುದೋ ಸಣ್ಣ ಕಣಜ ಮೊಟ್ಟೆ ಇಟ್ಟಿರಬೇಕು ಎಂದಳು ಗಾನವಿ. ಕಣಜ, ಇರುವೆ, ಹಲ್ಲಿ, ಹಕ್ಕಿ ಎಲ್ಲಕ್ಕೂ ಇದು ಊಟ. ಇಟ್ಟ ಮೊಟ್ಟೆಗಳಲ್ಲಿ ಚಿಟ್ಟೆಯಾಗುವವು ಕೆಲವೇ. ಎಣ್ಣೆ ಹೊಡೆಯದಿದ್ದರೆ ಗಿಡವೇ ಬೋಳಾಗುತ್ತದೆ ಅನ್ನುವುದು ನಮ್ಮ ಹೆದರಿಕೆ ಅಷ್ಟೇ. ಬೆಳೆದ ಗಿಡ ಮತ್ತೆ ಚಿಗುರಿಕೊಳ್ಳುತ್ತದೆ.

ಉಳಿದೆರಡು ಹುಳ ತಿನ್ನುವುದು ಬಿಟ್ಟು, ಕಡ್ಡಿಗೆ ಅಂಟಿ, ಸೊಂಟಕ್ಕೊಂದು ನೂಲಿನ ಪಟ್ಟಿ ಕಟ್ಟಿಕೊಂಡು, ಚರ್ಮ ಕಳಚಿ ಹಸಿರು ಕೋಶವಾದವು. ಅಲುಗಾಟವಿಲ್ಲ. ಶಾಮಲಾಬಾಯಿಗೆ ಅವೂ ಸತ್ತಂತೆಯೇ ಕಂಡವು.

ಒಂದು ಬೆಳಿಗ್ಗೆ ಗಾನವಿಯ ಕ್ಯಾಬು ತಡವಾಯಿತು. ಕಟ್ಟೆಯ ಮೇಲೆ ಕೂತ ದತ್ತಾತ್ರೇಯರು ಹಳೆಯದನ್ನು ನೆನೆದರು. "ಗಾನವಿ, ನಮ್ಮ ಕಾರ್ಖಾನಿ ಬಾಜೂಕ ಖಾಲಿ ಜಾಗಾ ಇತ್ತು. ಗಿಲಿಗಿಲಿ ಸಪ್ಪಳ ಮಾಡೋ ಕಾಯಿ ಗಿಡ ಇದ್ವು. ಮಳಿ ಬಿದ್ದ ಕಾಲಕ್ಕ ಕಪ್ಪು-ನೀಲಿ ಪಾತರಗಿತ್ತಿ ಗುಂಪಗುಂಪ ಬಂದು ಅದಕ್ಕ ಮುತ್ತಿಕೊಳ್ತಿದ್ವು. ಈಗ ಒಂದೂ ಇಲ್ಲ. ಎಲ್ಲಿ ಹೋದ್ವು?"

"ಅವು ದಾರಿಹೋಕರು ಅಂಕಲ್. ಅಂಥ ಚಿಟ್ಟೆಗಳು ಮುಂಗಾರಿನ ಹೊತ್ತಿಗೆ ಪಶ್ಚಿಮ ಘಟ್ಟ ಬಿಟ್ಟು ಪೂರ್ವದ ಬಯಲ ಕಡೆ ಹಾರ್ತವೆ. ಇಲ್ಲಿ ಮೊಟ್ಟೆ ಇಟ್ಟು, ಮಕ್ಕಳು ಬೆಳೆದು, ಮಳೆಗಾಲ ಮುಗಿದ ಮೇಲೆ ಮತ್ತೆ ಘಟ್ಟದ ಕಡೆ. ಹೋದವೇ ವಾಪಸ್ ಬರ್ತವೆ ಅಂತಲ್ಲ. ಹೆಚ್ಚಾಗಿ ಅವುಗಳ ಮಕ್ಕಳು ಹೋಗೋದು. ಪೂರ್ತಿ ದಾರಿ ಯಾರಿಗೂ ಇನ್ನೂ ಸರಿಯಾಗಿ ಗೊತ್ತಿಲ್ಲ. ಆ ಗಿಲಿಗಿಲಿ ಗಿಡದ ರಸ ಗಂಡು ಚಿಟ್ಟೆಗೆ ಬೇಕು, ಹೆಣ್ಣನ್ನ ಒಲಿಸಿಕೊಳ್ಳೋಕೆ."

"ಒಲಿಸಿಕೊಳ್ಳಾಕ ಅತ್ತರು ಅನ್ನು" ಎಂದು ನಕ್ಕರು ದತ್ತಾತ್ರೇಯರು. ನಗು ಮುಗಿಸಿ, "ಆ ಜಾಗದಾಗ ಈಗ ಅಪಾರ್ಟ್‌ಮೆಂಟ್ ಎದ್ದೈತಿ" ಎಂದರು.

"ಅದೇ. ದಾರಿಯ ಗಿಡ ಎಲ್ಲ ಹೋಗಿ ಕಟ್ಟಡ ಆದ್ರೆ ಅವು ಎಲ್ಲಿ ಇಳೀಬೇಕು? ನಮ್ಮ ಮನೆ ಮುಂದಿನ ನಾಲ್ಕು ಗಿಡನೇ ಉಳಿದದ್ದು." ಅಷ್ಟರಲ್ಲಿ ಕ್ಯಾಬು ಹಾರ್ನ್ ಹೊಡೆಯಿತು.

ಎರಡನೆಯ ಸೋಮವಾರವೂ ಆಯಿತು. ಅದಾದ ಮೇಲೊಂದು ಬೆಳಿಗ್ಗೆ ಶಿವದೇವಿ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಿದ್ದರು. ಶಾಮಲಾಬಾಯಿ ಒಗ್ಗರಣೆ ಸೌಟು ಒಲೆಯ ಮೇಲಿಟ್ಟು ಕಿಟಕಿ ಕಡೆ ತಿರುಗಿದರು. ಎರಡರಲ್ಲಿ ಹಿಂದಿನ ದಿನವೇ ಕಪ್ಪಗಾಗಿದ್ದ ಒಂದು ಕೋಶ ಬಿರಿದಿತ್ತು. ಒಳಗಿನಿಂದ ಒದ್ದೆಮುದ್ದೆಯಾದ ಒಂದು ಜೀವ ತೆವಳಿ ಕಡ್ಡಿ ಹಿಡಿದು ಜೋತುಬಿದ್ದಿತ್ತು. ರೆಕ್ಕೆ ಹಿಂಡಿದ ಬಟ್ಟೆಯ ಹಾಗೆ ಸುಕ್ಕು.

"ಪಾಪ, ರೆಕ್ಕಿ ಹರದಾವ. ಬಿಡಿಸಿ ಕೊಡ್ತೀನಿ ತಡೀರಿ" ಎಂದು ಶಿವದೇವಿ ಕೈ ಚಾಚಿದರು.

"ಮುಟ್ಟಬ್ಯಾಡ್ರಿ!" ಹಿಂದಿನಿಂದ ದತ್ತಾತ್ರೇಯರು ಕೂಗಿದರು. "ಅದರಷ್ಟಕ್ಕ ಅದು ಬಿಚ್ಚಿಕೊಳ್ತೈತಿ. ಮುಟ್ಟಿದ್ರ ಹಾರಾಕ ಬರಂಗಿಲ್ಲ ಅಂತ ಗಾನವಿ ಹೇಳ್ಯಾಳ."

ಮೂವರೂ ನಿಂತು ನೋಡಿದರು. ರೆಕ್ಕೆಗೆ ಮೆಲ್ಲಮೆಲ್ಲಗೆ ಜೀವ ತುಂಬಿಕೊಂಡಿತು. ಸುಕ್ಕು ಹೋಯಿತು. ಕಪ್ಪು ಬಣ್ಣ ಬಂತು, ಅದರ ಮೇಲೆ ಹಳದಿ ಚುಕ್ಕೆ ಬಂದವು, ಹಿಂದಿನ ರೆಕ್ಕೆಯ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ. ಆಷಾಢದಲ್ಲಿ ಬಂದಿದ್ದ ಅದೇ ರೂಪ. ಒಲೆಯ ಮೇಲೆ ಸಾಸಿವೆ ಸೀದು ಮನೆಯೆಲ್ಲ ಹೊಗೆ. ಶಾಮಲಾಬಾಯಿ ತಿರುಗಿ ನೋಡಲಿಲ್ಲ, ಶಿವದೇವಿಯೇ ಕೆಮ್ಮುತ್ತ ಹೋಗಿ ಒಲೆ ಆರಿಸಿದರು.

ರೆಕ್ಕೆ ಒಣಗಿದ ಮೇಲೆ ಶಾಮಲಾಬಾಯಿ ಬಾಟಲಿಯನ್ನು ಪತ್ರಿ ಗಿಡದ ಬುಡಕ್ಕೆ ಒಯ್ದು ಬಟ್ಟೆ ಬಿಚ್ಚಿದರು. ಚಿಟ್ಟೆ ಅವರ ಬೆರಳು ಹತ್ತಿ ಸ್ವಲ್ಪ ಹೊತ್ತು ಕೂತು, ಗೋಡೆ ದಾಟಿ ಹಾರಿಹೋಯಿತು. ಅವರ ಕಣ್ಣಲ್ಲಿ ನೀರು ನಿಂತಿತ್ತು.

"ಶಿವದೇವಿ, ನಾ ಅದನ್ನ ಪ್ರದಕ್ಷಿಣಿ ಅಂದ್ಕೊಂಡೆ. ಆಕಿ ಹೆರಿಗಿಗೆ ಬಂದಿದ್ಲು. ಓಣ್ಯಾಗ ಇಷ್ಟ ಮನಿ ಬಿಟ್ಟು, ನನ್ನ ಗಿಡಾನ ತವರಮನಿ ಅಂತ ಹುಡುಕ್ಕೊಂಡ ಬಂದಿದ್ಲು. ಕುಂಕುಮ ಹಚ್ಚಿ ಒಳಗ ಕರಕೊಂಡು, ಆಕಿ ಮಕ್ಕಳ ತಾಟಿಗೆ ವಿಷ ಹಾಕಾಕ ಹೊಂಟಿದ್ದೆ ನಾನು. ಅದ ತಾಟಿನಾಗಿನ ಎಲಿ ಇವರಿಗೂ ತಿನ್ನಸ್ತಿದ್ದೆ."

ಶಿವದೇವಿ ಅಟ್ಟದ ಬಾಟಲಿ ವಾಪಸ್ ಕೊಡಿ ಎಂದಷ್ಟೇ ಕೇಳಿದರು. ಮೋರಿಗೆ ಸುರಿಯದೆ, ಬೀಗ ಹಾಕಿದ ಡಬ್ಬಿಯಲ್ಲಿಟ್ಟು, ಮುಂದಿನ ಸಲ ಊರಿಂದ ಬಂದ ಅಣ್ಣ ಚಂದ್ರಾಮನ ಕೈಗೇ ಒಪ್ಪಿಸಿದರು. ಕೂಲ್‌ಡ್ರಿಂಕ್ ಬಾಟಲಿಗೆ ವಿಷ ತುಂಬಿ ಕೊಟ್ಟದ್ದಕ್ಕೆ ಅವನಿಗೆ ಬೈಯುವುದನ್ನೂ ಮರೆಯಲಿಲ್ಲ.

ಶ್ರಾವಣದ ಕೊನೆಯ ಸೋಮವಾರದ ಹೊತ್ತಿಗೆ ಇನ್ನೊಂದು ಕೋಶದ ಚಿಟ್ಟೆಯೂ ಹಾರಿಹೋಗಿತ್ತು, ಗಿಡ ಮತ್ತೆ ಚಿಗುರಿತ್ತು. ಅರ್ಚನೆ ಮುಗಿದು ಹರಕೆ ತೀರಿತು. ದತ್ತಾತ್ರೇಯರು ಕೈಯೊಡ್ಡಿ ತೀರ್ಥ ತೆಗೆದುಕೊಂಡು, ಎಲೆಯನ್ನು ನಿಶ್ಚಿಂತೆಯಿಂದ ಅಗಿದು ತಿಂದರು. ಮರುದಿನ ಎಲೆ ಒಯ್ಯಲು ಬಂದ ಹೆಂಗಸರಿಗೆ ಶಾಮಲಾಬಾಯಿ ಒಂದೇ ಕಟ್ಟಪ್ಪಣೆ ಮಾಡಿದರು. "ಮ್ಯಾಲಿನ ಟೊಂಗಿ ದೇವರಿಗೆ. ಕೆಳಗಿನ ಟೊಂಗಿ ಮುಟ್ಟಬ್ಯಾಡ್ರಿ, ಅಲ್ಲೆ ಬಾಣಂತನ ನಡದೈತಿ."

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಕರಿಬೇವಿನ ಕುಂಡವೊಂದು ಇದ್ದೇ ಇರುತ್ತದೆ. ಅದರ ಎಲೆ ನಿಮ್ಮ ಸಾರಿಗೇ ಬೀಳುವುದು. ಅದಕ್ಕೆ ಹೆಸರಿಲ್ಲದ ಔಷಧಿ ಹೊಡೆಯಬೇಡಿ. ಹುಳ ಹೆಚ್ಚಾಯಿತೆಂದರೆ ಕಡ್ಡಿ ಸಮೇತ ಎತ್ತಿ ಇನ್ನೊಂದು ನಿಂಬೆಗೋ ಕರಿಬೇವಿಗೋ ಸಾಗಿಸಿ. ನಿಮಗೆ ಬೇಕಾದ ಟೊಂಗೆಗೆ ಹಳೆಯ ಪರದೆ ಕಟ್ಟಿ, ಉಳಿದದ್ದನ್ನು ಅವಕ್ಕೆ ಬಿಡಿ. ಕಡ್ಡಿಗೆ ಅಂಟಿದ ಕೋಶವನ್ನು ಒಣ ಎಲೆಯೆಂದು ಗುಡಿಸಿ ಹಾಕಬೇಡಿ. ಖಾಲಿ ಜಾಗದ ಕಾಡುಗಿಡವನ್ನೆಲ್ಲ ಕಸವೆಂದು ಸವರಬೇಡಿ. ಬರೀ ಹೂವಿನ ಗಿಡ ನೆಟ್ಟು ಚಿಟ್ಟೆ ಬರಲಿಲ್ಲ ಅನ್ನಬೇಡಿ, ಅದರ ಮಕ್ಕಳ ಊಟಕ್ಕೂ ಒಂದು ಗಿಡ ಇರಲಿ.

ಇಷ್ಟಾದ ಮೇಲೂ ಬಾಟಲಿಗೆ ಕೈ ಹೋಯಿತೇ? ಒಂದು ಗಳಿಗೆ ತಡೆಯಿರಿ. ಎರಡು ವಾರದ ಹಿಂದೆ ಆ ಗಿಡದ ಸುತ್ತ ಯಾರು ತಿರುಗುತ್ತಿದ್ದರು ಎಂದು ನೆನಪು ಮಾಡಿಕೊಳ್ಳಿ.